ನೂರಾ ಹನ್ನೆರಡನೆಯ ಪುಟದ ಟಿಕೆಟ್ಟು

ಟಿಕೆಟ್ಟು ಇಟ್ಟಲ್ಲೇ ಇತ್ತು. ಅಗಡಿಯಿಂದ ಹಾವೇರಿಗೆ ಬಂದ ಬಸ್ಸಿನದು. ‘ಬಾಡಿಗೆ ಕಣ್ಣು’ ಕಾದಂಬರಿಯ ನೂರಾ ಹನ್ನೆರಡನೆಯ ಪುಟದಲ್ಲಿ ಶೈಲಶ್ರೀ ಬೇಕೆಂದೇ ಸಿಕ್ಕಿಸಿ ಬ್ಯಾಡಗಿಯ ನಿಜಲಿಂಗಪ್ಪ ಸಾವಕಾರರಿಗೆ ಕಳಿಸಿದ್ದಳು. ಪುಸ್ತಕ ಮೂರು ವಾರ ಅಲ್ಲಿದ್ದು ಮರಳಿತ್ತು. ಟಿಕೆಟ್ಟು ಕೂದಲೆಳೆಯಷ್ಟೂ ಸರಿದಿರಲಿಲ್ಲ.

“ಸಿಕ್ಕಿಬಿದ್ರು ಸಾವಕಾರ್ರು,” ಎಂದಳು ತನ್ನಷ್ಟಕ್ಕೆ.

ಹಾವೇರಿಯ ಕೋರ್ಟಿನಲ್ಲಿ ಸ್ಟೆನೊ ಆಗಿ ಹದಿನಾರು ವರ್ಷ ಸಾಕ್ಷಿದಾರರ ಮಾತು ಬರೆದುಕೊಂಡವಳಿಗೆ ಯಾರನ್ನಾದರೂ ಒಂದೇ ಏಟಿಗೆ ನಂಬುವ ಅಭ್ಯಾಸ ತಪ್ಪಿಹೋಗಿತ್ತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಇಪ್ಪತ್ತು ಮಂದಿಯ ಓದುಗರ ಬಳಗ ಕಟ್ಟಿದವಳು ಅವಳೇ. ಒಬ್ಬರು ಶಿಫಾರಸು ಮಾಡಿದ ಪುಸ್ತಕವನ್ನು ಒಯ್ದವರು ಓದಿ, ವಾಟ್ಸಾಪಿನಲ್ಲಿ ಅಭಿಪ್ರಾಯ ಬರೆಯಬೇಕು. ಓದದೆ ಬರೆದರೆ ಬಳಗದಿಂದ ಹೊರಗೆ. ಶೈಲಶ್ರೀಯ ಹುಚ್ಚು ಸೈಬರ್‌ಪಂಕ್ ಕಾದಂಬರಿಗಳದು: ಕಂಪನಿಗಳೇ ಆಳುವ ಊರು, ಮೈಯೊಳಗೆ ಯಂತ್ರ ಕೂರಿಸಿಕೊಂಡ ಕೂಲಿಯವರು, ತಾಸಿನ ಲೆಕ್ಕದಲ್ಲಿ ಮಾರಾಟವಾಗುವ ನೆನಪು. ಆರು ವರ್ಷ ಅವಳ ಶಿಫಾರಸಿಗೆ ವಾಟ್ಸಾಪಿನಲ್ಲಿ ಬಂದದ್ದು ಬರೀ ಮೇಲೆತ್ತಿದ ಹೆಬ್ಬೆಟ್ಟಿನ ಚಿತ್ರಗಳು, ಪುಸ್ತಕವನ್ನು ಯಾರೂ ಒಯ್ಯುತ್ತಿರಲಿಲ್ಲ. ಅದು ಅವಳಿಗೆ ನೋಯುತ್ತಿತ್ತು, ಯಾರಿಗೂ ಹೇಳಿರಲಿಲ್ಲ.

ಅಂಥದ್ದರಲ್ಲಿ ಬ್ಯಾಡಗಿಯ ಮೆಣಸಿನಕಾಯಿ ದಲಾಲರಾದ ನಿಜಲಿಂಗಪ್ಪ, ಚಹಾ ಬರುವವರೆಗೆ ಸಭೆಯಲ್ಲಿ ತೂಕಡಿಸುವ ಮನುಷ್ಯ, ಅವಳು ಶಿಫಾರಸು ಮಾಡಿದ ಒಂದು ಪುಸ್ತಕ ಒಯ್ದು ಹೀಗೆ ಬರೆದಿದ್ದರು: “ದಿನವಿಡೀ ತನ್ನ ಕೈ ಕಂಪನಿಗೆ ಬಾಡಿಗೆ ಕೊಟ್ಟವಳು ಮನೆಗೆ ಬಂದು ನೇರ ಕೂಸನ್ನು ಎತ್ತಿಕೊಳ್ಳುತ್ತಾಳೆ. ಇದು ಸುಳ್ಳು. ಕೆಲಸ ಕೈಯಿಂದ ಅಷ್ಟು ಬೇಗ ಇಳಿಯುವುದಿಲ್ಲ.”

ಶೈಲಶ್ರೀ ಅದನ್ನು ಹತ್ತು ಸಲ ಓದಿದಳು. ಕಣ್ಣು ತುಂಬಿ ಬಂತು. ಹನ್ನೊಂದನೆಯ ಸಲ ಸಂಶಯ ಬಂತು. ಇದನ್ನು ನಿಜಲಿಂಗಪ್ಪ ಬರೆದರೇ? ಮೊಬೈಲಿನ ಎಐ ಬರೆದುಕೊಟ್ಟಿರಬೇಕು. ಅದಕ್ಕೇ ಮುಂದಿನ ಪುಸ್ತಕದೊಳಗೆ ಟಿಕೆಟ್ಟು ಇಟ್ಟಿದ್ದು. ಅದರ ಅಭಿಪ್ರಾಯವೂ ಅಷ್ಟೇ ಚೆಂದವಾಗಿ ಬಂದಿತ್ತು.

ರವಿವಾರ ಪುಸ್ತಕ ಹಿಡಿದು ಬ್ಯಾಡಗಿಗೆ ಹೋದಳು. ನಿಜಲಿಂಗಪ್ಪನವರ ಅಂಗಡಿಯ ಮುಂದೆ ಒಬ್ಬ ವ್ಯಾಪಾರಿ ಚೀಲದ ಮೇಲಿನ ಮೆಣಸಿನಕಾಯಿಯನ್ನು ಕಣ್ಣೆತ್ತಿಯೂ ನೋಡದೆ, ತೋಳಿನವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆದ. ಮೂಸಿದ, ಮುರಿದ, ಮತ್ತೆ ಅದೇ ಚೀಲಕ್ಕೆ ಹಾಕಿದ. ಈ ಊರಿನ ಜನ ತನ್ನ ಹಾಗೆಯೇ ಇದ್ದಾರೆ ಅನ್ನಿಸಿತು ಶೈಲಶ್ರೀಗೆ.

“ಬರ್ರಿ ಮೇಡಂ, ಕುಂದ್ರಿ,” ಎಂದರು ನಿಜಲಿಂಗಪ್ಪ.

ಅವಳು ಕೂರಲಿಲ್ಲ. “ಖರೇ ಹೇಳ್ರಿ, ಇದನ್ನ ನೀವು ಓದೀರೇನು?”

ಅವರ ಕಿವಿ ಕೆಂಪಾಯಿತು. “ಓದಿಲ್ರಿ. ಕೇಳೇನಿ.”

ಹಿಂದಿನ ಶೆಡ್ಡಿಗೆ ಕರೆದೊಯ್ದರು. ಹತ್ತಿಪ್ಪತ್ತು ಹೆಂಗಸರು ಮುಖಕ್ಕೆ ಸೆರಗು ಸುತ್ತಿಕೊಂಡು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ನಡುವೆ ಒಬ್ಬಳು ಗಟ್ಟಿಯಾಗಿ ಪೇಪರು ಓದುತ್ತಿದ್ದಳು. ಅವಳ ಪಾಲಿನ ಕಾಯಿಯನ್ನು ಉಳಿದವರು ಹಂಚಿಕೊಂಡಿದ್ದರು.

“ಗುಡ್ಡವ್ವ ಅಂತ. ಪುಸ್ತಕ ಓದಾಕಿನೂ ಈಕೀನ, ಬರದು ಕೊಡಾಕಿನೂ ಈಕೀನ. ನಾ ಕುಂತು ಕೇಳ್ತೇನಿ, ಆಮ್ಯಾಲ ಫೋನಿನಾಗ ಹಾಕ್ತೇನಿ.”

“ಮತ್ತ ನಿಮ್ಮ ಹೆಸರಲೆ ಯಾಕ?”

“ಆಕೀನ ಬ್ಯಾಡ ಅಂದ್ಲ್ರಿ. ನಾನೂ ಸುಮ್ಮನಾದೆ,” ಎಂದು ನಿಜಲಿಂಗಪ್ಪ ನೆಲ ನೋಡಿದರು.

ಶೈಲಶ್ರೀ ಅಷ್ಟಕ್ಕೆ ಬಿಡುವವಳಲ್ಲ. ಪುಸ್ತಕ ಬಿಡಿಸಿ ಟಿಕೆಟ್ಟು ತೋರಿಸಿದಳು. “ಓದಿದ್ದು ಖರೇ ಆದ್ರ ಇದು ಇಲ್ಲೇ ಹ್ಯಾಂಗ ಉಳೀತು?”

ಗುಡ್ಡವ್ವನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ತಗದೆ, ನೋಡಿದೆ, ಅಲ್ಲೇ ಇಟ್ಟೆ. ಯಾವ ಚೀಲದಾಗಿಂದ ತಗದಿದ್ದು ಆ ಚೀಲಕ್ಕ ಹಾಕಬೇಕಲ್ರಿ.”

ಶೈಲಶ್ರೀಗೆ ನೆಲ ಬಿರಿಯಬಾರದೇ ಅನ್ನುವಷ್ಟು ನಾಚಿಕೆಯಾಯಿತು. ಪುಟ ತಿರುವುತ್ತ ನಿಂತಳು, ಅದೇ ಬೆರಳಿನಿಂದ ಕಣ್ಣು ಒರೆಸಿಕೊಂಡಳು. ಕಣ್ಣು ಧಗ್ಗೆಂದು ಉರಿಯಿತು. ಪುಟಪುಟಕ್ಕೂ ಕಾಯಿಯ ಖಾರ ಹತ್ತಿತ್ತು.

“ತಿಕ್ಕಬ್ಯಾಡ್ರೀ!” ಎಂದು ಹೆಂಗಸರೆಲ್ಲ ಒಟ್ಟಿಗೆ ಕೂಗಿದರು.

ಒಂದು ಕಣ್ಣು ಮುಚ್ಚಿಕೊಂಡೇ ಅವಳು ಫೋನು ತೆಗೆದಳು. “ನಿಮ್ಮ ನಂಬರ್ ಹೇಳ್ರಿ, ಬಳಗಕ್ಕ ಸೇರಸ್ತೇನಿ.”

ಗುಡ್ಡವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಯಾಕ್ರಿ? ಆ ಪುಸ್ತಕದಾಗ ಕೇಳಿದವರಿಗೆಲ್ಲಾ ನಂಬರ್ ಕೊಟ್ಟಾಕಿ ಗತಿ ಏನಾತು? ನೀವು ಓದೀರೋ ಇಲ್ಲೋ?”

ಶೆಡ್ಡಿಗೆ ಶೆಡ್ಡೇ ನಕ್ಕಿತು. ಶೈಲಶ್ರೀ ಫೋನು ಒಳಗಿಟ್ಟು, ತನ್ನ ಕೈಚೀಲದಿಂದ ಇನ್ನೊಂದು ಕಾದಂಬರಿ ತೆಗೆದಳು.

“ಇದು ಛಲೋ ಐತ್ರಿ,” ಎಂದಳು. ಆರು ವರ್ಷದಲ್ಲಿ ಯಾವ ಪುಸ್ತಕವನ್ನೂ ಇಷ್ಟು ಅಂಜುತ್ತ ಶಿಫಾರಸು ಮಾಡಿರಲಿಲ್ಲ.

ಗುಡ್ಡವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು ಪುಸ್ತಕ ಇಸಿದುಕೊಂಡಳು. ಮುಖಪುಟ ನೋಡಲಿಲ್ಲ, ಮೊದಲ ಪುಟವನ್ನೂ ನೋಡಲಿಲ್ಲ. ಹೆಬ್ಬೆರಳನ್ನು ಆಳಕ್ಕೆ ಇಳಿಸಿ, ಎಲ್ಲೋ ನಡುವೆ ಬಿಡಿಸಿ, ತನ್ನಷ್ಟಕ್ಕೆ ಓದತೊಡಗಿದಳು. ತೊಟ್ಟು ಬಿಡಿಸುವ ಕೈಗಳು ನಿಂತವು. ಶೈಲಶ್ರೀ ಉರಿಯುವ ಕಣ್ಣನ್ನು ಮುಚ್ಚಿ, ಇನ್ನೊಂದರಿಂದ ಗುಡ್ಡವ್ವನ ಮುಖವನ್ನೇ ನೋಡುತ್ತ ನಿಂತಳು.