ಮುಕ್ಕಾಲು ಅಳತೆಯ ಪಿಟೀಲು

ಅಜ್ಜಂಪುರದ ಜವಳಿ ಅಂಗಡಿಯ ಷಡಕ್ಷರಿಗೆ ತನ್ನ ಕಣ್ಣಳತೆಯ ಮೇಲೆ ಭಾರಿ ಹೆಮ್ಮೆ. ಮಗುವನ್ನು ಒಮ್ಮೆ ನೋಡಿದರೆ ಸಾಕು, ಲಂಗಕ್ಕೆ ಎಷ್ಟು ಬಟ್ಟೆ ಬೇಕು ಅಂತ ಹೇಳಿಬಿಡುತ್ತಿದ್ದ. ಹೇಳಿದ ಮೇಲೆ ಸುಮ್ಮನಿರುವ ಜಾಯಮಾನವಲ್ಲ. "ಬೆಳೆಯೋ ಮಗು ಕಣಮ್ಮ, ಒಳಗೆ ಮಡಿಕೆ ಬಿಟ್ಟು ಹೊಲಿಸು. ಬೆಳೆದಂಗೆಲ್ಲ ಬಿಚ್ಕೊಂಡ್ರಾಯ್ತು" ಎಂದು ಬುದ್ಧಿ ಬೇರೆ ಹೇಳುತ್ತಿದ್ದ. ಬಟ್ಟೆಯ ವಿಷಯದಲ್ಲಿ ಅದು ಜಾಣತನವೇ, ನಾನೂ ಒಪ್ಪುತ್ತೇನೆ. ಆದರೆ ಈ ಮಹಾರಾಯ ಅದೇ ಜಾಣತನವನ್ನು ಪಿಟೀಲಿನ ಮೇಲೂ ಓಡಿಸಲು ಹೋದ.

ಅದು ಐವತ್ತೈದನೇ ಇಸವಿ. ಅವನ ಒಬ್ಬಳೇ ಮಗಳು ತೀರ್ಥಮ್ಮನಿಗೆ ಆಗ ಎಂಟು ವರ್ಷ. ಬೇಸಿಗೆ ರಜೆಗೆಂದು ಬೀರೂರಿನ ಸೋದರತ್ತೆ ಕಾಶಮ್ಮನ ಮನೆಗೆ ಹೋದವಳು ಪಕ್ಕದ ಮನೆಯ ಜಗಲಿ ಬಿಟ್ಟು ಏಳಲಿಲ್ಲ. ಅಲ್ಲಿ ರೈಲ್ವೆಯಲ್ಲಿ ಗಾರ್ಡಾಗಿ ನಿವೃತ್ತರಾದ ರಂಗಯ್ಯ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತಿದ್ದರು. ಊಟಕ್ಕೆ ಕರೆದರೂ ಹುಡುಗಿ ಬಾರಳು, ಬೈದರೂ ಬಾರಳು. ಕೊನೆಗೆ ರಂಗಯ್ಯನವರೇ ಒಬ್ಬ ಶಿಷ್ಯನ ಪುಟ್ಟ ಪಿಟೀಲನ್ನು ಅವಳ ಕೈಗೆ ಕೊಟ್ಟು ನೋಡಿದರು. ಮೊದಲ ಸಲ ಕಮಾನು ಎಳೆದವರಿಗೆಲ್ಲ ಹಳೇ ಬಾಗಿಲು ಕಿರುಗುಟ್ಟಿದ ಸದ್ದೇ ಬರುವುದು. ಇವಳಿಗೆ ಷಡ್ಜ ನೆಟ್ಟಗೆ ಬಂತು.

ಮಗಳನ್ನು ಕರೆದೊಯ್ಯಲು ಬಂದ ಷಡಕ್ಷರಿಯನ್ನು ರಂಗಯ್ಯ ಕೂರಿಸಿಕೊಂಡು ಹೇಳಿದರು: "ಸಾವ್ಕಾರ್ರೆ, ಹುಡುಗಿ ಕಿವಿ ಬಲು ಚೆನ್ನಾಗಿದೆ. ಒಂದು ಪಿಟೀಲು ತೆಕ್ಕೊಡಿ, ನಾನು ಕಲಿಸ್ತೀನಿ. ಮುಕ್ಕಾಲು ಅಳತೆದು ತನ್ನಿ, ಮರೀಬೇಡಿ. ಮಗು ಎಡಗೈ ಚಾಚಿದ್ರೆ ಬೆರಳು ಪಿಟೀಲಿನ ತಲೆ ಸುತ್ತ ಬರಬೇಕು. ಅವಳನ್ನೂ ಕರ್ಕೊಂಡು ಹೋಗಿ, ಹಿಡಿಸಿ ನೋಡಿ."

ಕಣ್ಣಳತೆಯ ಸಾಹುಕಾರ ಮಗಳನ್ನು ಕರೆದೊಯ್ಯುತ್ತಾನೆಯೇ? ಬೆಂಗಳೂರಿಗೆ ಬಟ್ಟೆ ಖರೀದಿಗೆ ಹೋದಾಗ ಹಾಗೇ ವಾದ್ಯದ ಅಂಗಡಿಗಳಿದ್ದ ಬಳೇಪೇಟೆಯನ್ನೂ ಹೊಕ್ಕ. ಅಂಗಡಿಯಲ್ಲಿ ಚಿಕ್ಕದೂ ಇತ್ತು, ದೊಡ್ಡದೂ ಇತ್ತು, ಬೆಲೆ ಹೆಚ್ಚುಕಡಿಮೆ ಒಂದೇ. ಚಿಕ್ಕದನ್ನು ಕೊಂಡರೆ ಎರಡು ವರ್ಷಕ್ಕೆ ಸಾಲದಾಗುತ್ತದೆ ಎಂದು ದೊಡ್ಡದನ್ನೇ ಕಟ್ಟಿಸಿಕೊಂಡ.

ಮುಂದಿನ ಭಾನುವಾರ ಅಪ್ಪ ಮಗಳು ರೈಲು ಹತ್ತಿ ಬೀರೂರಿಗೆ ಹೋದರು. ತೀರ್ಥ ಪೆಟ್ಟಿಗೆಯನ್ನು ಅಪ್ಪಿಕೊಂಡೇ ಕೂತಿದ್ದಳು, ಅಪ್ಪನ ಕೈಗೂ ಕೊಡಲಿಲ್ಲ. ರಂಗಯ್ಯ ಪಿಟೀಲನ್ನು ಅವಳ ಕತ್ತಿಗೆ ಆನಿಸಿ, ಕೈ ಚಾಚಿಸಿ ನೋಡಿದರು. ಬೆರಳು ತಲೆಯ ಹತ್ತಿರವೂ ಹೋಗಲಿಲ್ಲ. ಹುಡುಗಿ ಭುಜವನ್ನೆಲ್ಲ ಎಳೆದು ಒದ್ದಾಡಿದಳು, ಪಾಪ.

"ಇದೇನ್ ಸಾವ್ಕಾರ್ರೆ, ಮಗೂಗೆ ತಂದ್ರೋ ನಿಮಗೇ ತಂದ್ರೋ? ವಾಪಸ್ ಕೊಟ್ಟು ಚಿಕ್ಕದು ತನ್ನಿ. ಬದಲಾಯಿಸಿ ಕೊಡ್ತಾರೆ."

ಅಲ್ಲಿಯೇ ಬಂತು ತೊಡಕು. ಷಡಕ್ಷರಿಯ ಅಂಗಡಿಯಲ್ಲಿ ಕೊಂಡ ಮಾಲನ್ನು ವಾಪಸು ತೆಗೆದುಕೊಳ್ಳುವ ಪದ್ಧತಿಯೇ ಇರಲಿಲ್ಲ. ಎಷ್ಟು ಜನ ಬಂದು ಹಲ್ಲುಗಿಂಜಿದ್ದರೋ, ಅಷ್ಟೂ ಜನರನ್ನು ಬರಿಗೈಯಲ್ಲಿ ಕಳಿಸಿದ್ದ. ಅಂಥವನು ಇನ್ನೊಬ್ಬ ವ್ಯಾಪಾರಿಯ ಮೆಟ್ಟಿಲು ಹತ್ತಿ, ತಪ್ಪು ಮಾಡಿದೆ, ಬದಲಾಯಿಸಿ ಕೊಡಿ ಅನ್ನುವುದೇ? ಮುಖ ಬಿಗಿದುಕೊಂಡು, "ಕೈ ಬೆಳೀಲಿ ಬಿಡಿ ಮೇಷ್ಟ್ರೆ. ಬೆಳೆದ ಮೇಲೆ ಕಲೀತಾಳೆ" ಎಂದು ಎದ್ದುಬಿಟ್ಟ.

"ಅಲ್ರೀ, ಅಲ್ಲೀತನಕ ಅದನ್ನ ಇಡೋದು ಹೆಂಗೆ ಅಂತಾದ್ರೂ ಕೇಳ್ಕೊಂಡು ಹೋಗಿ."

"ರೇಷ್ಮೆ ಸೀರೆ ಇಟ್ಟು ಗೊತ್ತಿರೋನಿಗೆ ಇದೇನ್ ಮಹಾ ಬಿಡಿ!"

ವಾಪಸು ಬರುವಾಗ ರೈಲಿನಲ್ಲಿ ಮಗಳು ಕೇಳಿದಳು, "ಅಪ್ಪಾ, ನನ್ ಕೈ ಯಾವಾಗ ಬೆಳೆಯುತ್ತೆ?"

"ಬೇಗ ಬೆಳೆಯುತ್ತೆ ಕಣೇ. ಹೊಟ್ಟೆ ತುಂಬ ರೊಟ್ಟಿ ತಿನ್ನು."

ರೊಟ್ಟಿ ಕಂಡರೆ ಮೂಗು ಮುರಿಯುತ್ತಿದ್ದ ಹುಡುಗಿ ಅಂದಿನಿಂದ ಕೇಳಿ ಹಾಕಿಸಿಕೊಂಡು ತಿಂದಳು. ತಾಯಿ ವಿಶಾಲಾಕ್ಷಮ್ಮನಿಗೆ ಆಶ್ಚರ್ಯವೋ ಆಶ್ಚರ್ಯ.

ಷಡಕ್ಷರಿ ಪಿಟೀಲನ್ನು ಕಡೆಗಣಿಸಲಿಲ್ಲ, ಆ ಮಾತು ಅವನ ಮೇಲೆ ಹೊರಿಸಬಾರದು. ಹಳೇ ರೇಷ್ಮೆ ಸೀರೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ, ಕಬ್ಬಿಣದ ಟ್ರಂಕಿನಲ್ಲಿಟ್ಟ. ಯುಗಾದಿ ಕಳೆದ ಮೇಲೆ ಮನೆಯ ಸೀರೆ, ಕಂಬಳಿಗಳನ್ನೆಲ್ಲ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕುತ್ತಿದ್ದರಲ್ಲ, ಪಿಟೀಲನ್ನೂ ಚಾಪೆಯ ಮೇಲೆ ಅಂಗಾತ ಮಲಗಿಸಿ ಬಿಸಿಲು ಕಾಯಿಸುತ್ತಿದ್ದ. ವರ್ಷ ವರ್ಷವೂ ತಪ್ಪಿಸಲಿಲ್ಲ. ತೀರ್ಥ ಆ ದಿನಕ್ಕೇ ಕಾಯುತ್ತಿದ್ದಳು. ಮಾಳಿಗೆ ಹತ್ತಿ, ಪಿಟೀಲನ್ನು ಕತ್ತಿಗೆ ಆನಿಸಿ ಕೈ ಚಾಚುತ್ತಿದ್ದಳು. ಎಟುಕದಿದ್ದರೆ ಮೆಲ್ಲಗೆ ಚಾಪೆಯ ಮೇಲಿಟ್ಟು ಇಳಿದು ಬರುತ್ತಿದ್ದಳು.

ಹನ್ನೆರಡು ತುಂಬಿದ ವರ್ಷ ಎಟುಕಿತು. ಹುಡುಗಿ ಬರಿಗಾಲಲ್ಲಿ ಅಂಗಡಿಗೆ ಓಡಿಬಂದಳು. "ಅಪ್ಪಾ, ಬಂತು! ಬೆರಳು ಸುತ್ತ ಬಂತು!"

ಬುಕ್ಕಾಂಬುಧಿಯಿಂದ ಮದುವೆ ಜವಳಿಗೆ ಬಂದವರು ಅಂಗಡಿಯ ತುಂಬ ಕೂತಿದ್ದರು. ಬಿಚ್ಚಿದ ಸೀರೆಗಳ ನಡುವೆ ಷಡಕ್ಷರಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. "ಒಳ್ಳೇದಾಯ್ತು ಕಣೇ. ಈ ಮದುವೆಗಳೆಲ್ಲ ಮುಗೀಲಿ, ಮೇಷ್ಟ್ರ ಹತ್ರ ಹೋಗೋಣ" ಎಂದು, ಮತ್ತೊಂದು ಸೀರೆಯ ಸೆರಗು ಬಿಚ್ಚಿ ತೋರಿಸಿದ.

ಮದುವೆಗಳು ಮುಗಿದವು, ಮಳೆಗಾಲ ಬಂತು. ದಸರೆಯ ಹೊತ್ತಿಗೆ ಅವಳು ಇನ್ನೊಮ್ಮೆ ಕೇಳಿದಳು. ಹೊಸ ಮಾಲು ಬಂದಿದೆ, ತಾಳು ಅಂದ. ಆಮೇಲೆ ಅವಳು ಕೇಳಲಿಲ್ಲ. ಮಾಳಿಗೆಗೂ ಹೋಗಲಿಲ್ಲ. ಮಾರು ದೂರದಿಂದ ಊರವರ ಮಕ್ಕಳನ್ನೆಲ್ಲ ಅಳೆಯುತ್ತಿದ್ದವನಿಗೆ ತನ್ನ ಮಗಳು ಕೇಳುವುದನ್ನು ಬಿಟ್ಟದ್ದು ಕಾಣಿಸಲೇ ಇಲ್ಲ.

ಎರಡು ವರ್ಷ ಕಳೆದ ಮೇಲೆ ರಂಗಯ್ಯ ಅಜ್ಜಂಪುರಕ್ಕೆ ಯಾವುದೋ ಕೆಲಸಕ್ಕೆ ಬಂದವರು ಪಂಚೆ ಕೊಳ್ಳಲು ಅಂಗಡಿಗೆ ಬಂದರು. "ಏನ್ ಸಾವ್ಕಾರ್ರೆ, ನಿಮ್ಮ ಹುಡುಗಿ ಕೈ ಇನ್ನೂ ಬೆಳೀಲಿಲ್ವಾ?" ಅಂದರು.

ಷಡಕ್ಷರಿ ಕೈಲಿದ್ದ ಪಂಚೆಯನ್ನು ಅಲ್ಲೇ ಇಟ್ಟ. ಗಿರಾಕಿಗಳನ್ನು ಹಾಗೇ ಬಿಟ್ಟು ಅವರನ್ನು ಮನೆಗೆ ಕರೆತಂದ, ಟ್ರಂಕು ತೆಗೆದ. ಪಿಟೀಲಿನ ಬೆನ್ನು ಅಂಚಿನಲ್ಲಿ ಬಾಯಿ ಬಿಟ್ಟಿತ್ತು, ಕತ್ತು ವಾಲಿತ್ತು.

"ಬಿಸಿಲಿಗೆ ಹಾಕಿದ್ರಾ?"

"ವರ್ಷಾ ವರ್ಷ ತಪ್ಪದಂಗೆ ಹಾಕಿದ್ದೀನಿ ಮೇಷ್ಟ್ರೆ!"

"ಅಯ್ಯೋ ಪುಣ್ಯಾತ್ಮ, ಅಂಟೆಲ್ಲ ಬಿಟ್ಟೋಗಿದೆಯಲ್ರೀ. ಬಿಸಿಲೂ ಸೋಕಬಾರದು, ನೀರೂ ಸೋಕಬಾರದು. ತಂತೀನೂ ಸಡಿಲ ಮಾಡಿಲ್ಲ. ರಿಪೇರಿ ಮಾಡಿಸಿದ್ರೆ ಸರಿಹೋಗ್ತದೆ, ಕೊಂಡ ಅಂಗಡೀಲೇ ಕೇಳಿ ನೋಡಿ."

ಈ ಸಲ ಷಡಕ್ಷರಿ ಮಾನ ಮರ್ಯಾದೆ ನೋಡಲಿಲ್ಲ. ಬಳೇಪೇಟೆಗೆ ಹೋಗಿ, ನನ್ನಿಂದ ತಪ್ಪಾಯ್ತು, ಹೆಂಗಾದರೂ ಮಾಡಿಕೊಡಿ ಎಂದು ಕೈಮುಗಿದ. ಅಂಗಡಿಯವರು ಕೊಂಕು ಮಾತಾಡದೆ ಸರಿಮಾಡಿಕೊಟ್ಟರು. ಅಷ್ಟು ಸುಲಭವಾಗಿ ಆಗಿಹೋದದ್ದೇ ಅವನನ್ನು ಹೆಚ್ಚು ಸುಟ್ಟಿತು. ಇಷ್ಟಕ್ಕೇ ಇಷ್ಟು ವರ್ಷ ಹೆದರಿದೆನಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡ.

ರಂಗಯ್ಯ ಮನೆಗೇ ಬಂದು ಶ್ರುತಿ ಮಾಡಿ ಪಿಟೀಲನ್ನು ತೀರ್ಥಳ ಕೈಗೆ ಕೊಟ್ಟರು. ಬೆರಳು ಎಲ್ಲಿ ಬರಬೇಕೋ ಅಲ್ಲಿಗೇ ಬಂತು. ಒಂದೇ ಸಲ ಕಮಾನು ಎಳೆದಳು. ದನಿ ತುಂಬಿಕೊಂಡು ಬಂತು. ವಿಶಾಲಾಕ್ಷಮ್ಮ ಕಣ್ಣೊರೆಸಿಕೊಂಡಳು. ತೀರ್ಥ ದಾವಣಿಯ ಸೆರಗಿನಿಂದ ತಂತಿ ಒರೆಸಿ, ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟಳು.

"ಭಾನುವಾರದಿಂದ ಶುರು ಮಾಡೋಣ್ವೇನಮ್ಮ?" ಅಂದರು ಮೇಷ್ಟ್ರು.

ಅವಳು ಅಡ್ಡಡ್ಡ ತಲೆಯಾಡಿಸಿದಳು. "ಬ್ಯಾಡ ಮೇಷ್ಟ್ರೆ."

"ಯಾಕೆ ಮಗಳೇ?" ಷಡಕ್ಷರಿ ಮುಂದೆ ಬಂದ. "ಅಂಗಡಿ ಮುಚ್ಚಿ ನಾನೇ ಕರ್ಕೊಂಡು ಹೋಗಿ ಬರ್ತೀನಿ. ವಾರ ವಾರ ಬರ್ತೀನಿ."

"ಅಪ್ಪಾ, ನಂಗೆ ಆವಾಗ ಬೇಕಿತ್ತು."

ಸಿಟ್ಟಿನಿಂದ ಹೇಳಿದ್ದರೆ ಹೇಗೋ ರಮಿಸುತ್ತಿದ್ದ. ಅಳುತ್ತ ಹೇಳಿದ್ದರೆ ತಾನೂ ಅತ್ತು ಹಗುರಾಗುತ್ತಿದ್ದ. ಅವಳು ಇದ್ದದ್ದನ್ನು ಇದ್ದಂಗೆ ಹೇಳಿ, ಮೇಷ್ಟ್ರಿಗೆ ಕಾಫಿ ತರುತ್ತೇನೆಂದು ಎದ್ದು ಒಳಗೆ ಹೋದಳು.