ಅಲಸಂದೆಯ ಪುಟ

ಅಂಗಡಿ ಖಾಲಿ ಮಾಡಲು ನಾನ್ಯುಮಾ ಕೋನೆಗೆ ತಿಂಗಳ ಕೊನೆಯವರೆಗೆ ಗಡುವಿತ್ತು. ಸೆಗೂ ಪಟ್ಟಣದ ನದಿ ಬದಿಯ ಬೀದಿಯಲ್ಲಿ ಕಾದಂಬರಿಗಳು ಸಿಗುತ್ತಿದ್ದ ಅಂಗಡಿ ಅವಳದೊಂದೇ. ಕಟ್ಟಡದ ಮಾಲೀಕ ಫುಸೇನಿ ಕೋನೆ ಆ ಜಾಗವನ್ನು ಮೊಬೈಲ್ ಮಾರುವವನಿಗೆ ಕೊಡಲು ನಿರ್ಧರಿಸಿದ್ದ.

"ನಿನ್ನಂಗಡಿಗೆ ನೊಣಾನೂ ಬರಲ್ಲ ಮಗಳೇ. ಜನ ಬರೋ ಅಂಗಡಿ ಇದ್ರೆ ಕಟ್ಟಡಕ್ಕೂ ಕಳೆ," ಎಂದಿದ್ದ. ಒಂದೇ ಕುಲದ ಹಿರಿಯ, ಎದುರು ಮಾತಾಡುವಂತಿರಲಿಲ್ಲ.

ದೆಂಬೆಲೆ ಕುಲದವರ ಜೊತೆಯಾದರೆ ಮಾತೇ ಬೇರೆ. ಕೋನೆಯವರಿಗೂ ದೆಂಬೆಲೆಯವರಿಗೂ ತಲೆಮಾರುಗಳಿಂದ ಹಾಸ್ಯದ ನೆಂಟಸ್ತಿಕೆ. ಸಿಕ್ಕಲ್ಲಿ ಬೈಯಬಹುದು, ಬೈಸಿಕೊಂಡವರು ಸಿಟ್ಟಾಗುವಂತಿಲ್ಲ. ಬೈಗುಳವೂ ಎರಡೂ ಕಡೆಯವರಿಗೆ ಒಂದೇ: ಅಲಸಂದೆ ತಿನ್ನುವವರು.

ಬಕೊರೊಬಾ ದೆಂಬೆಲೆ ಕಾದಂಬರಿಕಾರ. ಪ್ರತಿ ಗುರುವಾರ ಅಂಗಡಿಗೆ ಬಂದು, ತನ್ನ ಪುಸ್ತಕವನ್ನು ಕೆಳಗಿನ ಸಾಲಿನಿಂದ ಎತ್ತಿ ಕಿಟಕಿಯಲ್ಲಿಡುತ್ತಿದ್ದ. ಅವನು ಬೀದಿ ದಾಟುವ ಮೊದಲೇ ನಾನ್ಯುಮಾ ಅದನ್ನು ಮತ್ತೆ ಕೆಳಗಿಡುತ್ತಿದ್ದಳು. ನಾಲ್ಕು ತಿಂಗಳಲ್ಲಿ ಹನ್ನೊಂದು ಪ್ರತಿ ಹೋಗಿದ್ದವು. ಮೂರನ್ನು ಅವನ ಹೆಂಡತಿಯೇ ಕೊಂಡಿದ್ದಳು.

"ಏ ಅಲಸಂದೆ ತಿನ್ನೋಳೇ, ಮತ್ತೆ ಕೆಳಗಿಟ್ಟಿದ್ದೀಯಲ್ಲ?"

"ದೆಂಬೆಲೆಗಳಿಗೆ ಎತ್ತರ ಒಗ್ಗಲ್ಲ, ತಲೆ ತಿರುಗುತ್ತೆ. ಇನ್ನು ಹತ್ತೊಂಬತ್ತು ದಿನ ಸಹಿಸ್ಕೋ. ಆಮೇಲೆ ಕಿಟಕೀಲಿ ಮೊಬೈಲ್ ಕವರ್ ಇರುತ್ತೆ."

ಕೈಗೆತ್ತಿಕೊಂಡಿದ್ದ ಪುಸ್ತಕವನ್ನು ಅವನು ತಾನೇ ಕೆಳಗಿನ ಸಾಲಿನಲ್ಲಿಟ್ಟ. ಊರಿನಲ್ಲಿ ಅವನ ಪುಸ್ತಕ ಇಡುತ್ತಿದ್ದವರು ಬೇರೆ ಯಾರೂ ಇರಲಿಲ್ಲ. ದೆಂಬೆಲೆಯೊಬ್ಬ ಸೋಲೊಪ್ಪಿದ್ದನ್ನು ನಾನ್ಯುಮಾ ನೋಡಿದ್ದು ಅದೇ ಮೊದಲು. ಸೀಮೆಸುಣ್ಣ ತೆಗೆದುಕೊಂಡು ಹೊರಗಿನ ಕಪ್ಪು ಹಲಗೆಯ ಮೇಲೆ ಬರೆದಳು: "ದೆಂಬೆಲೆಗಳೇ ಅಲಸಂದೆ ತಿನ್ನುವವರು ಎಂದು ಒಬ್ಬ ದೆಂಬೆಲೆಯೇ ತನ್ನ ಕಾದಂಬರಿಯ ಒಂದು ಪುಟದಲ್ಲಿ ಒಪ್ಪಿಕೊಂಡಿದ್ದಾನೆ. ಯಾವ ಪುಟವೆಂದು ಹೇಳುವುದಿಲ್ಲ."

"ಅಂಥ ಪುಟಾನೇ ಇಲ್ವಲ್ಲೇ!"

"ಇಲ್ಲ ಅನ್ನೋಕೆ ನಿನ್ನ ಪುಸ್ತಕ ಪೂರ್ತಿ ಓದಿದೋರು ಯಾರಿದ್ದಾರೆ?"

ಸಾಕ್ಷಿ ಹುಡುಕಲು ಕೋನೆಗಳು ಬಂದರು. ಕುಲದ ಮಾನ ಹೋಗಿದೆಯೇ ಎಂದು ನೋಡಲು ದೆಂಬೆಲೆಗಳು ಬಂದರು. ಒಂಬತ್ತೇ ದಿನದಲ್ಲಿ ದಾಸ್ತಾನು ಮುಗಿದು, ರಾಜಧಾನಿ ಬಮಾಕೋದಿಂದ ಬಸ್ಸಿನ ಮೇಲೆ ಹೊಸ ಕಟ್ಟುಗಳು ಬಂದವು. ಪೇಚಿಗಿಟ್ಟುಕೊಂಡದ್ದು ಅಲ್ಲೇ: ಜನ ನಿಜಕ್ಕೂ ಓದತೊಡಗಿದ್ದರು.

ನಿವೃತ್ತ ಮೇಷ್ಟರೊಬ್ಬರು, ಅವರೂ ಕೋನೆಯೇ, ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು. "ಇನ್ನೂರ ಹದಿನಾರು ಪುಟ, ಎರಡು ಸಲ ಓದಿದೆ. ಕತೆ ಚೆನ್ನಾಗಿದೆ. ಅಲಸಂದೆ ಎಲ್ಲಿದೆಯಮ್ಮಾ?" ಹಿಂದೆ ಇನ್ನೂ ಆರೇಳು ಜನ ಅದೇ ದೂರು ಹೊತ್ತು ನಿಂತಿದ್ದರು.

ನಾನ್ಯುಮಾ ರೆಪ್ಪೆ ಬಡಿಯಲಿಲ್ಲ. "ತಪ್ಪೊಪ್ಪಿಗೆ ಅಚ್ಚಾದ್ರೆ ಏನು ಬೆಲೆ ಮೇಷ್ಟ್ರೇ? ಕೈಯಲ್ಲೇ ಬರೆಸ್ಕೋಬೇಕು. ಅದಕ್ಕೇ ಕೊನೇ ಪುಟ ಖಾಲಿ ಇರೋದು. ಲೇಖಕರು ಗುರುವಾರ ಇಲ್ಲೇ ಸಿಗ್ತಾರೆ."

ಸುದ್ದಿ ಕೇಳಿ ಬಕೊರೊಬಾ ಓಡಿ ಬಂದ. "ನನ್ನ ಕೈಯಲ್ಲೇ ಬರೆಸ್ತೀಯಾ?"

"ಸಿಟ್ಟು ಮಾಡ್ಕೊಳ್ಳೋ ಹಾಗಿಲ್ಲ. ಪೆನ್ನು ನಂದೇ ಕೊಡ್ತೀನಿ."

ಗುರುವಾರ ಸಾಲು ಮೀನಿನಂಗಡಿಯನ್ನೂ ದಾಟಿತ್ತು. ಕೋನೆಗಳಿಗೆ ಬಕೊರೊಬಾ "ತಿಂದದ್ದು ನಿಜ" ಎಂದು ಬರೆದು ಸಹಿ ಹಾಕಿದ. ದೆಂಬೆಲೆಗಳ ಪ್ರತಿಯಲ್ಲಿ "ಬಲವಂತದಿಂದ ಬರೆಸಿದರು" ಎಂದೂ ಸೇರಿಸಿದ. ನಡುಹಗಲಿಗೆ ಫುಸೇನಿಯೇ ಬಂದ. ಹಿರಿಯನೆಂದು ಜನ ಮುಂದೆ ಬಿಟ್ಟರು.

"ನನ್ನ ಪ್ರತೀಲಿ ವಿವರವಾಗಿ ಬರಿಯೋ. ನಮ್ಮ ಚಹಾ ಗುಂಪಲ್ಲಿ ಓದಿಸ್ಬೇಕು."

ಬಕೊರೊಬಾ ಪೆನ್ನಿನ ಮುಚ್ಚಳ ಹಾಕಿದ. "ಮುಂದಿನ ತಿಂಗಳು ಮೊಬೈಲ್ ಅಂಗಡಿಯವನ ಹತ್ರ ಬರೆಸ್ಕೊಳ್ಳಿ."

"ಬೆದರಿಸ್ತೀಯೇನೋ, ಅಲಸಂದೆ ತಿನ್ನೋನೇ?"

"ಇಲ್ಲಪ್ಪ. ಈ ಮೇಜು ಬಿಟ್ಟು ಬೇರೆ ಕಡೆ ನಂಗೆ ಕೈ ಓಡಲ್ಲ."

ಸಾಲಿನಲ್ಲಿದ್ದವರು ನಕ್ಕರು. ಫುಸೇನಿ ತಿರುಗಿ ನೋಡಿದ. ತನ್ನ ಕಟ್ಟಡದ ಮುಂದೆ ಅಷ್ಟು ಜನರನ್ನು ಅವನು ಎಂದೂ ಕಂಡಿರಲಿಲ್ಲ.

"ಸರಿ, ಎರಡು ವರ್ಷ ಇರಲಿ. ಬರಿ ಈಗ."

"ಮೊದಲು ನಿಮ್ಮ ಸಹಿ ಬೀಳಲಿ. ಕೋನೆ ಬಾಯಿಮಾತು ನಂಬೋಕೆ ನಾನೇನು ಹುಚ್ಚನಾ?"

ಕರಾರು ಪತ್ರ ನಾನ್ಯುಮಾಳ ಡ್ರಾಯರಿನಲ್ಲಿ ಸಿದ್ಧವಾಗಿತ್ತು. ಫುಸೇನಿ ಸಹಿ ಹಾಕಿದ. ಬಕೊರೊಬಾ ಮೂರು ಸಾಲು ಬರೆದು ಪುಸ್ತಕವನ್ನು ಎರಡೂ ಕೈಯಲ್ಲಿ ಒಪ್ಪಿಸಿದ. ಫುಸೇನಿ ಕನ್ನಡಕ ತಂದಿರಲಿಲ್ಲ. ಮರದಡಿ ಚಹಾ ಕುಡಿಯುತ್ತಿದ್ದ ಗೆಳೆಯರ ನಡುವೆ ಕೂತು, ಅಲ್ಲೇ ಇದ್ದ ಮೇಷ್ಟರ ಕೈಗೆ ಪುಸ್ತಕ ಕೊಟ್ಟು, "ಗಟ್ಟಿಯಾಗಿ ಓದಿ," ಎಂದ.

ಮೇಷ್ಟರು ಗಟ್ಟಿಯಾಗಿಯೇ ಓದಿದರು: "ಬಕೊರೊಬಾ ದೆಂಬೆಲೆಯಾದ ನಾನು ಅಲಸಂದೆ ತಿಂದದ್ದು ನಿಜ. ತಿಂದದ್ದು ಫುಸೇನಿ ಕೋನೆಯವರ ಮನೆಯಲ್ಲಿ. ಅಲ್ಲಿ ಬೇರೇನನ್ನೂ ಬೇಯಿಸುವುದಿಲ್ಲ."

ಚಹಾ ಗುಂಪು ನಗುನಗುತ್ತಾ ಚಾಪೆಯ ಮೇಲೆ ಉರುಳಿತು. ಸಿಟ್ಟಾಗುವಂತಿರಲಿಲ್ಲ. ಫುಸೇನಿ ಎದ್ದು ಅಂಗಡಿಗೆ ವಾಪಸು ಬಂದ.

"ಇನ್ನೊಂದು ಪ್ರತಿ ಕೊಡು ಮಗಳೇ. ಈ ಸಲ ನಾನು ಹೇಳಿದ್ದನ್ನೇ ಇವನು ಬರೀಬೇಕು."

ನಾನ್ಯುಮಾ ಕರಾರು ಪತ್ರವನ್ನು ಡ್ರಾಯರಿಗೆ ಸೇರಿಸಿ ಬೀಗ ಹಾಕಿದಳು. "ಕೊಡ್ತೀನಿ ಚಿಕ್ಕಪ್ಪ. ಸಾಲಿನ ಕೊನೇಲಿ ನಿಂತ್ಕೊಳ್ಳಿ."