ಧರ್ಮಣ್ಣನ ಹಾಜರಿ

ಆ ತಿಂಗಳೆಲ್ಲ ನಿತೀಶನಿಗೂ ನನಗೂ ಒಂದೇ ಜಗಳ. ನಾಶಿಕದ ನಮ್ಮ ಎರಡು ಕೋಣೆಯ ಕಂಪನಿಯಲ್ಲಿ ಕೂತು, ಕಟ್ಟಡ ಕೂಲಿಗಳ ಹಾಜರಿ ಆ್ಯಪನ್ನು ಯಾವ ಪ್ಲಾಟ್‌ಫಾರ್ಮ್ ಮೇಲೆ ಕಟ್ಟಬೇಕೆಂದು ಕಚ್ಚಾಡುತ್ತಿದ್ದೆವು. ಸಿಮೆಂಟಿನಲ್ಲಿ ಸವೆದ ಬೆರಳುಗಳನ್ನು ಮಷೀನು ಗುರುತಿಸುವುದಿಲ್ಲ. ಅದಕ್ಕೆ ಫೋನೇ ಹೆಸರು ಕರೆಯಬೇಕು, ಕೂಲಿಯವರು ಓಗೊಡಬೇಕು, ದನಿ ಹಿಡಿದು ಹಾಜರಿ ಹಾಕಬೇಕು. ನಿತೀಶ ಹಿಡಿದು ಕೂತದ್ದು ಕ್ಲೌಡ್ ಮೇಲಿನದು. ಅದು ಸುತ್ತಲಿನ ಗದ್ದಲವನ್ನೆಲ್ಲ ತೊಳೆದು ಹತ್ತಿರದ ದನಿಯನ್ನಷ್ಟೇ ಕೇಳುತ್ತದೆ. ನನ್ನದು ನೆಟ್ ಇಲ್ಲದೆ ಫೋನಿನಲ್ಲೇ ನಡೆಯುವಂಥದ್ದು. ಅದಕ್ಕೆ ತೊಳೆಯಲು ಬರುವುದಿಲ್ಲ, ಕಿವಿಗೆ ಬಿದ್ದದ್ದನ್ನೆಲ್ಲ ಕೇಳುತ್ತದೆ.

ಸಂಭಾಜಿನಗರದ ಒಂದು ಸೈಟಿನಲ್ಲಿ ಮೊದಲ ವಾರ ಅವನದನ್ನೂ ಎರಡನೇ ವಾರ ನನ್ನದನ್ನೂ ಪರೀಕ್ಷೆಗೆ ಹಚ್ಚಿದೆವು.

"ಭಾಗ್ಯಶ್ರೀ, ನಿನ್ನ ಪ್ಲಾಟ್‌ಫಾರ್ಮ್ ಓಡಿಹೋದ ಮನುಷ್ಯಾಗ ದಿನಾ ಹಾಜರಿ ಹಾಕಲತ್ತದ," ಎಂದು ನಿತೀಶ ಹಲ್ಲು ಕಿರಿದ. "ನಾಳೆ ಅವನ ರಜಾ ಅರ್ಜಿನೂ ಅದೇ ಬರೀತದೇನೋ."

ನನಗೆ ಮೈಯೆಲ್ಲ ಉರಿಯಿತು. ಅಂದೇ ಬಸ್ಸು ಹತ್ತಿ ಸಂಭಾಜಿನಗರಕ್ಕೆ ಹೋಗಿ, ಅತ್ತೆಯ ಮನೆಯಲ್ಲಿ ಮಲಗಿ ಎದ್ದು, ಬೆಳಿಗ್ಗೆ ಸೈಟಿಗೆ ಹೋದೆ.

ಓಡಿಹೋದವನ ಹೆಸರು ಧರ್ಮಣ್ಣ, ಕಲಬುರಗಿ ಕಡೆಯವನು. ಮೊದಲ ವಾರವೇ ಕಾಣೆಯಾಗಿದ್ದ. ಕೂಲಿಗಳನ್ನು ಕರೆತಂದು ಕೆಲಸ ನೋಡಿಕೊಳ್ಳುವ ಮುಕಾದಮ ವೈಜನಾಥ ಬೀಡಿ ಎಸೆದು ಹತ್ತಿರ ಬಂದ. "ಯಾವಳೋ ಒಬ್ಬಾಕಿ ಬೆನ್ನು ಹತ್ತಿ ಹೋಗ್ಯಾನ್ರಿ ಮ್ಯಾಡಮ್. ಹೇಣ್ತಿ ಇಲ್ಲೇ ಅದಾಳ. ಸಂಜಿ ರೈಲಿಗಿ ಊರಿಗಿ ಕಳಸ್ತೀನಿ. ಇಲ್ಲಿ ಇಟಗೊಂಡು ಏನ್ಮಾಡ್ಲಿ?"

ಆಕೆ ಮಲಕವ್ವ. ತಗಡಿನ ಶೆಡ್ಡಿನ ಮುಂದೆ ಗಂಟು ಕಟ್ಟಿಕೊಂಡು ಕೂತಿದ್ದಳು. ನನಗೆ ಮೊದಲು ಅನುಮಾನ ಬಂದದ್ದೇ ಅವಳ ಮೇಲೆ. ಈ ಜನರಲ್ಲಿ ಒಂದು ರೂಢಿ ಉಂಟು: ಒಬ್ಬರು ನೀರಿಗೋ ಹೊರಕಡೆಗೋ ಹೋಗಿದ್ದರೆ ಮನೆಯವರು ಅವರ ಪರವಾಗಿ "ಅದಾರ್ರಿ" ಎಂದುಬಿಡುತ್ತಾರೆ, ಮುಕಾದಮನೂ ಒಪ್ಪಿಕೊಳ್ಳುತ್ತಾನೆ.

"ಗಂಡನ ಪರವಾಗಿ ದಿನಾ ನೀನೇ ಅಂತೀಯೇನು?" ಎಂದು ಗದರಿದೆ.

"ಇಲ್ರೀ ಅಕ್ಕಾರ. ಒಂದೇ ದಿನ ಅಂದೀನಿ. ಅವತ್ತ ಪಾಯದ ಗುಂಡಿ ಮ್ಯಾಲಿನ ಹಲಗಿ ತಗ್ಯಾಕ ನಸುಕಿನಾಗೇ ಹೋಗಿದ್ರು. ಹೆಸರು ಕರೆದ್ರು, ಇವರು ಕಾಣಲಿಲ್ಲ. ಬರ್ತಾರಂತ ತಿಳದು ಅದಾರ್ರಿ ಅಂದೆ." ಗಂಟಿನ ತುದಿ ಎಳೆದಳು. "ಊರಾಗ ಏನಂತ ಹೇಳ್ಲಿರಿ? ಬಿಟ್ಟು ಹೋದ್ರಂತ ನನಗ ಖಾತ್ರಿ ಆಗಬೇಕಲ್ರಿ."

ಅಷ್ಟರಲ್ಲಿ ಹಾಜರಿಗೆ ಎಲ್ಲರೂ ಸೇರಿದರು. ಫೋನನ್ನು ಇಟ್ಟಿಗೆಯ ಮೇಲೆ ಇಟ್ಟೆ. ಒಂದೊಂದೇ ಹೆಸರು ಬಂತು, ಒಂದೊಂದೇ ಉತ್ತರ. "ಧರ್ಮಣ್ಣ," ಎಂದಿತು ಫೋನು. ಯಾರೂ ತುಟಿ ಅಲುಗಿಸಲಿಲ್ಲ. ಮಲಕವ್ವ ನೆಲ ನೋಡುತ್ತಿದ್ದಳು.

ಪರದೆ ಹಸಿರಾಯಿತು. ಹಾಜರ್.

ಬಗ್ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡು, ಇಯರ್‌ಫೋನ್ ಸಿಕ್ಕಿಸಿ ಆಗಷ್ಟೇ ಆದ ರೆಕಾರ್ಡಿಂಗ್ ಹಾಕಿದೆ. ಗಾಳಿ, ಯಾರದೋ ಕೆಮ್ಮು, ಆಮೇಲೆ ಬಲು ಆಳದಿಂದ ಒಂದು ಗಂಡುದನಿ. "ಅದೀನ್ರಿ."

ಹೋಲಿಸಿ ನೋಡಲೆಂದು ಮೊದಲ ವಾರದ ತೊಳೆಯದ ದನಿಗಳನ್ನೂ ಫೋನಿನಲ್ಲಿ ಉಳಿಸಿದ್ದೆವು. ಅವನು ಕಾಣೆಯಾದ ಬೆಳಗಿನದನ್ನು ಹುಡುಕಿದೆ. ಆ ದಿನ ನಿತೀಶನ ಪ್ಲಾಟ್‌ಫಾರ್ಮ್ ಮಲಕವ್ವನ ದನಿಯೊಂದನ್ನೇ ಉಳಿಸಿಕೊಂಡು, ಇವನದಲ್ಲ ಎಂದಿತ್ತು. ಆಕೆಯ ಮಾತು ನಂಬಿ ವೈಜನಾಥನೇ ಹಾಜರಿ ಒತ್ತಿದ್ದ. ನಾನು ಅದೇ ಬೆಳಗಿನ ತೊಳೆಯದ ತುಣುಕನ್ನು ನನ್ನದರಲ್ಲಿ ಹಾಕಿದೆ. ಮಿಕ್ಸರಿನ ಗಡಗಡದ ನಡುವೆ ಮಲಕವ್ವನ "ಅದಾರ್ರಿ" ಸ್ಪಷ್ಟವಾಗಿ ಕೇಳಿಸಿತು. ಅದರ ಅಡಿಯಲ್ಲೇ, ಅದೇ ಗಳಿಗೆಯಲ್ಲಿ, ಇನ್ನೊಂದು: "ಅದೀನ್ರಿ. ಇಲ್ಲಿ ಕೆಳಗ ಅದೀನ್ರಿ."

ಇದನ್ನೇ ನಿತೀಶನದು ಗದ್ದಲವೆಂದು ತೊಳೆದು ಹಾಕಿತ್ತು.

ಮಲಕವ್ವ ನನ್ನ ಮುಖ ನೋಡಿದಳು, ಇಯರ್‌ಫೋನ್ ತೆಗೆದು ಕಿವಿಗೆ ಇಟ್ಟುಕೊಂಡಳು. ತಡೆಯಬೇಕಿತ್ತು. ತಡೆಯಲಿಲ್ಲ.

ಬಹಳ ಹೊತ್ತು ಕೇಳಿದಳು. "ಬಿಟ್ಟು ಹೋಗಿಲ್ಲ," ಎಂದಳು. ಆಮೇಲೆ, "ಅವರು ಕೂಗಲತ್ತಿದ್ರು. ನಾ ಮ್ಯಾಲಿಂದ ಮಾತಾಡಿ ಮುಚ್ಚಿಬಿಟ್ಟೆ."

ವೈಜನಾಥನ ಮುಖ ಬಿಳಿಚಿತ್ತು. "ಹಾಜರಿ ಮುಗದ ಮ್ಯಾಲ ಕಾಂಕ್ರೀಟ್ ಗಾಡಿ ಬಂತ್ರಿ," ಎಂದು ತನ್ನಷ್ಟಕ್ಕೆ ಹೇಳಿಕೊಂಡ. "ಎಲ್ಲರೂ ಅದಾರಂತ ಗುಂಡಿ ತುಂಬಿಸಿದ್ವಿ." ಆಮೇಲೆ ನನ್ನ ಕಡೆ ತಿರುಗಿದ. "ಮ್ಯಾಡಮ್, ಆ ಮೊದಲ ವಾರದ ಆ್ಯಪೇ ಛಲೋ ಇತ್ತು. ಅದನ್ನೇ ತಗೋರಿ."

ನಿತೀಶನ ಫೋನು ಬಂತು. ಎರಡರಲ್ಲಿ ಯಾವುದೆಂದು ಸೈಟಿನ ಬಿಲ್ಡರ್ ಈಗಲೇ ಉತ್ತರ ಕೇಳುತ್ತಿದ್ದಾನಂತೆ.

"ನಿಂದು ಬ್ಯಾಡ," ಎಂದೆ. "ನಂದರಾಗ ಬಗ್ ಇಲ್ಲ. ನಾ ಪೊಲೀಸರಿಗೆ ಫೋನ್ ಮಾಡ್ತೀನಿ, ನೀನು ಮೊದಲ ವಾರದ್ದು ಒಂದೂ ಅಳಿಸಬ್ಯಾಡ."

ಮಲಕವ್ವ ಆಗಲೇ ಪಾಯದ ಕಡೆಗೆ ನಡೆದಿದ್ದಳು. ಬೂದು ಕಾಂಕ್ರೀಟು ಒಣಗಿ ಗಟ್ಟಿಯಾಗಿತ್ತು. ಅದರ ಮೇಲೆ ಅಂಗೈ ಊರಿ ಕೂತಳು. ಗಂಡನ ಹೆಸರನ್ನು ಜನ್ಮದಲ್ಲಿ ಬಾಯಿಗೆ ತಂದವಳಲ್ಲ. ಎಲ್ಲರೆದುರು, ಫೋನು ಕರೆದಂತೆಯೇ, ಕರೆದಳು.

"ಧರ್ಮಣ್ಣ."

ಕರೆದವಳೇ ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡಳು, ಈ ಸಲ ತನ್ನ ದನಿ ಅಡ್ಡ ಬರಬಾರದೆಂದು. ಆ್ಯಪನ್ನು ನಾನು ಆಗಲೇ ಮುಚ್ಚಿದ್ದೆ. ನನ್ನ ಮುಷ್ಟಿಯೊಳಗೆ ಫೋನು ಹಸಿರಾಯಿತು.